ಎಣ್ಣೆ ಕಾಣದ ನೆತ್ತಿ

ಜರೀನಾಬಿಯ ಹೆರಳನ್ನು ಹೊಗಳಿದವರು ಯರಗುಪ್ಪಿಯ ತುಂಬ ಇದ್ದರು. ಅದನ್ನು ತೊಳೆದು ಒಣಗಿಸುವ ಕಷ್ಟ ಮಾತ್ರ ಅವಳ ಮನೆಯವರಿಗಷ್ಟೇ ಗೊತ್ತು. ಒಂದು ಹಿಡಿಗೆ ಸಿಗದಷ್ಟು ದಟ್ಟ ಕೂದಲು; ಮುಂಜಾನೆ ಎರೆದುಕೊಂಡರೆ ದೀಪ ಹಚ್ಚುವ ಹೊತ್ತಿಗೂ ಬುಡದಲ್ಲಿ ಹಸಿ ಉಳಿದಿರುತ್ತಿತ್ತು. ಆ ಹಸಿಯ ಮೇಲೆಯೇ ತಾಯಿ ಜಮಾಲಬಿ ಅಂಗೈ ತುಂಬ ಕುಸುಬಿ ಎಣ್ಣೆ ಸುರಿದು, ತಿಕ್ಕಿ, ಬಿಗಿಯಾಗಿ ಹೆರಳು ಹಾಕಿ, ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಮಗಳು ತಲೆ ತುರಿಸುತ್ತದೆ ಎಂದರೆ ಇನ್ನೊಂದಿಷ್ಟು ಎಣ್ಣೆ.

ಅವರದು ಪಿಂಜಾರರ ಮನೆ. ತಂದೆ ಗುಲಾಮಹುಸೇನ ಪಡಸಾಲೆಯ ತೊಲೆಗೆ ಬಿಲ್ಲು ತೂಗುಹಾಕಿ ಅರಳೆ ಹಿಂಜುತ್ತಿದ್ದ. ಮಗ ಮಶಾಕಸಾಬ ಗಾದಿ, ದಿಂಬು ಹೊಲಿಯುತ್ತಿದ್ದ. ಮದುವೆಗಳ ಕಾಲ ಬಂತೆಂದರೆ ಆ ಮನೆಯಲ್ಲಿ ಅರಳೆಯ ಎಳೆ ಇಲ್ಲದ ಜಾಗವಿಲ್ಲ. ಹುಬ್ಬಿನ ಮೇಲೆ, ರೊಟ್ಟಿ ಹಿಟ್ಟಿನಲ್ಲಿ, ಚಹಾದ ಬಟ್ಟಲಲ್ಲಿ, ಎಲ್ಲೆಲ್ಲೂ ಅದೇ. ಹಾಗಾಗಿ ಜರೀನಾಳ ಕೂದಲಲ್ಲಿ ಕಾಣುವ ಬಿಳಿಯ ಪುಡಿಯನ್ನು ಯಾರೂ ಎರಡನೆಯ ಸಲ ನೋಡಿರಲಿಲ್ಲ.

ಅಳ್ನಾವರದವರು ಹೆಣ್ಣು ನೋಡಲು ಬಂದಾಗ ಗಂಡಿನ ತಾಯಿ ಹಲೀಮಾಬಿ ಹೆರಳು ಎತ್ತಿ ನೋಡಿ, "ಇದೇನ್ರಿ, ಬೆಳ್ಳಗ?" ಎಂದು ಕೇಳಿದ್ದಳು.

ಗುಲಾಮಹುಸೇನ ಹೊಟ್ಟೆ ತುಂಬ ನಕ್ಕಿದ್ದ. "ಪಿಂಜಾರರ ಹುಡುಗಿ ತಲ್ಯಾಗ ಅರಳಿ ಇರಲಾರದ ಮುತ್ತು ಇರ್ತಾವೇನ್ರಿ, ಬೀಗತ್ಯಾರ?"

ಬಂದವರೂ ನಕ್ಕರು. ಸಕ್ಕರೆ ಹಂಚಿದರು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಒಂದು ತರಹ. ನಂಬಿದ್ದನ್ನೇ ಹೇಳಿ ಸುಳ್ಳುಗಾರರಾದವರ ಪಾಡು ಬೇರೆ. ಗುಲಾಮಹುಸೇನ ಸುಳ್ಳು ಹೇಳಿರಲಿಲ್ಲ. ಮಗಳಿಗಾದರೂ ಬೇರೆ ಏನು ಗೊತ್ತಿತ್ತು? ಹುಟ್ಟಿದಾಗಿನಿಂದ ಆ ಧೂಳಿನಲ್ಲೇ ಬೆಳೆದವಳು.

ಅಳ್ನಾವರದ ಮನೆಯಲ್ಲಿ ಅರಳೆ ಇರಲಿಲ್ಲ. ಗಂಡ ಅಲ್ಲಾವುದ್ದೀನ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ; ಆ ಮನೆಗೆ ಬಂದರೆ ಬರುತ್ತಿದ್ದದ್ದು ಕೆಂಪು ಕಟ್ಟಿಗೆಯ ಹೊಟ್ಟು. ಮದುವೆಯಾಗಿ ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು, ಜರೀನಾಳ ತಲೆಯಿಂದ ಬಿಳಿಯದು ಉದುರುವುದು ನಿಲ್ಲಲಿಲ್ಲ. ಅವಳ ರವಿಕೆಯ ಬೆನ್ನ ಮೇಲೆ, ಗಂಡನ ಕರಿ ಅಂಗಿಯ ಮೇಲೆ, ದಿಂಬಿನ ಮೇಲೆ. ನೆತ್ತಿಗೆ ಮೂಗು ತಂದರೆ ಹಳಸಿದ ಎಣ್ಣೆಯ ವಾಸನೆ.

"ಇಲ್ಲಿ ಯಾರು ಅರಳಿ ಹಿಂಜ್ಯಾರವಾ?" ಎಂದು ಹಲೀಮಾಬಿ ಮೊದಲು ಮೆಲ್ಲಗೆ ಕೇಳಿದಳು. ಆಮೇಲೆ ನೆರೆಯವರ ಮುಂದೆ ಕೇಳಿದಳು.

ಹೀಗೆ ಜರೀನಾ ಚಳಿ ಇಳಿಯುವ ಹೊತ್ತಿಗೆ ತವರಿಗೆ ಬಂದಳು. ಜೊತೆಗೆ ಗಂಡ, ಒಂದು ಟ್ರಂಕು, ಮತ್ತು ಮದುವೆಗೆಂದು ಅಪ್ಪ ಮಾಡಿ ಕೊಟ್ಟಿದ್ದ ದಿಂಬು.

ಅಲ್ಲಾವುದ್ದೀನ ಸಾಧು ಮನುಷ್ಯ. ಊಟಕ್ಕೆ ಕೂತು ರೊಟ್ಟಿಯನ್ನು ಝುಣಕದಲ್ಲಿ ಅದ್ದುತ್ತಲೇ ಇದ್ದ, ಬಾಯಿಗೆ ಹಾಕುತ್ತಿರಲಿಲ್ಲ. ಕೊನೆಗೆ ಮಾವನ ಮುಖ ನೋಡದೆ ಹೇಳಿದ.

"ಅವ್ವ ಹೇಳಿ ಕಳಸ್ಯಾಳ್ರಿ, ಮಾವಾ. ತಲಿ ಚೊಲೊ ಮಾಡಿಸ್ರಿ ಅಂತ. ಯುಗಾದಿ ಮುಗದ ಮ್ಯಾಲ ಅವ್ವನ್ನ ಕರಕೊಂಡು ಬರ್ತೀನಿ. ಆಕಿ ನೋಡಿ, ಕರಕೊಂಡು ಹೋಗ್ತಾಳ."

"ಆಗಿರಲಿಲ್ಲಂದ್ರ?" ಮಶಾಕಸಾಬ ಕೇಳಿದ.

"ಬ್ಯಾರೆ ಕಡೆ ನೋಡ್ತೀನಂತಾಳ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಶಾಕಸಾಬನ ಹೆಂಡತಿ ರಜಿಯಾಬಿ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಜರೀನಾ ನೆಲ ನೋಡುತ್ತಿದ್ದಳು.

ಬಸ್ಸಿಗೆ ಹೊರಡುವಾಗ ಅಲ್ಲಾವುದ್ದೀನ ಹೆಂಡತಿಯ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಲಗೂ ಚೊಲೊ ಮಾಡ್ಕೋ. ನೀ ಇರಲಾರದ ಮನಿ ನನಗ ಸೇರಂಗಿಲ್ಲ" ಎಂದ. ಅದೊಂದು ಮಾತನ್ನು ಜರೀನಾ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು.

ಅವನು ಹೋದ ಮೇಲೆ ಗುಲಾಮಹುಸೇನ ದಿಂಬನ್ನು ಕೈಗೆತ್ತಿಕೊಂಡ. ಅದಕ್ಕೆ ಅರಳೆಯನ್ನು ಮೂರು ಮೂರು ಸಲ ಹಿಂಜಿದ್ದ ಮನುಷ್ಯ ಅವನು. ನಡುವೆ ಹಳದಿ ಕಲೆ ಕೂತಿತ್ತು. ಬೆರಳಿನಿಂದ ಕೆರೆದರೆ ಎಣ್ಣೆಗೆ ಅಂಟಿದ ಬಿಳಿ ಪದರು ಎದ್ದು ಬಂತು. ಅರಳೆ ಯಾವುದು, ಅಲ್ಲದ್ದು ಯಾವುದು ಎಂದು ಆ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ವರ್ಷ ಮಗಳ ತಲೆಯನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ, ಅಷ್ಟೇ. ದಿಂಬನ್ನು ಬಿಲ್ಲಿನ ಮೂಲೆಗೆ ಇಟ್ಟ, ಆ ದಿನ ಕೆಲಸಕ್ಕೆ ಕೂಡಲಿಲ್ಲ.

ಜಮಾಲಬಿ ಮಾತ್ರ ಎದೆಗುಂದಲಿಲ್ಲ.

"ಆ ಊರ ನೀರು ಸುಮಾರ. ಎಣ್ಣಿ ಹಚ್ಚಿಲ್ಲ ಸರೀಗೆ, ತಲಿ ಒಣಗೇತಿ. ಎರಿ ಹೊಲ ಒಣಗಿದ್ರ ಬಿರುಕು ಬಿಡಂಗಿಲ್ಲೇನು? ಹಂಗ ಇದು. ನನ್ನ ಕೈಯಾಗ ಕೊಡ್ರಿ, ನೋಡ್ರಿ ಆಮ್ಯಾಲ."

ಮುಂಜಾನೆ ಎಣ್ಣೆ, ಸಂಜೆ ಎಣ್ಣೆ. ಬಟ್ಟಲನ್ನು ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡಿ, ಮಗಳನ್ನು ಎರಡು ಮೊಳಕಾಲಿನ ನಡುವೆ ಕೂಡಿಸಿಕೊಂಡು ತಿಕ್ಕುತ್ತಿದ್ದಳು. ತಿಕ್ಕುವಾಗ ಅಳ್ನಾವರದ ಸುದ್ದಿ ಕೇಳುತ್ತಿದ್ದಳು. ಏನು ಉಣ್ಣುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಅತ್ತೆ ಬೈಯುತ್ತಾಳೋ. ಜರೀನಾಳಿಗೆ ಅದು ಬೇಕಾಗಿತ್ತು. ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಆ ಮನೆಯಲ್ಲಿ ತಾಯಿ ಮಗಳು ಮಾತಾಡುವುದಕ್ಕೆ ಅದೊಂದೇ ಹೊತ್ತು.

ಆದರೆ ತಲೆ ಕೆಟ್ಟಿತು. ಪುಡಿಯಾಗಿ ಉದುರುತ್ತಿದ್ದದ್ದು ಈಗ ಹಳದಿ ಹಕ್ಕಳೆಯಾಗಿ ಬುಡಕ್ಕೆ ಕಚ್ಚಿಕೊಂಡಿತು. ಹಣೆಯ ಅಂಚು ಕೆಂಪಾಯಿತು, ಕಿವಿಯ ಹಿಂದೆ ನೀರಾಡಿತು. ಹಣಗಿ ಹಾಕಿದರೆ ಹಲ್ಲುಗಳ ನಡುವೆ ಜಿಡ್ಡು ತುಂಬಿ ಬರುತ್ತಿತ್ತು.

ಒಂದು ರಾತ್ರಿ ಊಟದಲ್ಲಿ ರಜಿಯಾ ತಡೆಯಲಿಲ್ಲ. ನವಲಗುಂದದ ಕಡೆಯ ಹುಡುಗಿ, ಬಾಯಿ ಚುರುಕು.

"ಅತ್ತಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಎಣ್ಣಿ ಸಾಕ್ರಿ. ಕುಂದಗೋಳಕ್ಕ ಹೋಗಿ ಡಾಕ್ಟರಿಗೆ ತೋರಿಸೂಣು."

"ನಾ ಹಡದಾಕಿ. ಆಕಿ ತಲಿ ನನಗ ಗೊತ್ತಿಲ್ಲೇನು?"

"ಗೊತ್ತಿದ್ರ ಕಡಿಮಿ ಆಗಬೇಕಿತ್ತಲ್ರಿ."

"ನೋಡ್ರಿ, ನೋಡ್ರಿ ನಿಮ್ಮ ಸೊಸಿ ಮಾತು!" ಜಮಾಲಬಿ ಗಂಡನ ಕಡೆ ತಿರುಗಿದಳು. "ಮನಿಗೆ ಬಂದು ಮೂರು ವರ್ಷ ಆಗಿಲ್ಲ, ನನಗ ಹೇಳಾಕ ಬಂದಾಳ."

ಗುಲಾಮಹುಸೇನ ಪುಂಡಿ ಪಲ್ಯ ಕಲಸುತ್ತ ಕೂತಿದ್ದ. ಮೂಲೆಯ ದಿಂಬಿನ ಕಡೆ ಒಮ್ಮೆ ನೋಡಿದ.

"ನಾಳೆ ಕರಕೊಂಡು ಹೋಗವಾ, ರಜಿಯಾ" ಎಂದ. "ರೊಟ್ಟಿ ಜಮಾಲ ಮಾಡ್ತಾಳ."

ಕುಂದಗೋಳದ ಡಾಕ್ಟರು ಹೆರಳು ಬಿಚ್ಚಿಸಿ, ಕೂದಲು ಸರಿಸಿ ನೋಡಿದರು. "ಯಾರಂದ್ರವಾ ಒಣಗೇತಿ ಅಂತ? ಇದು ಜಿಡ್ಡಿನ ಹೊಟ್ಟು. ಚರ್ಮ ತಾನ ಎಣ್ಣಿ ಬಿಡತೈತಿ, ಮ್ಯಾಲ ನೀವು ಸುರೀತೀರಿ. ಆ ಎಣ್ಣಿ ತಿಂದು ಹೊಟ್ಟು ಬೆಳೀತೈತಿ."

ವಾಸನೆ ಹೊಡೆಯುವ ಹಳದಿ ಔಷಧದ ಬಾಟಲಿ ಕೊಟ್ಟರು. ಹೇಳಿದ್ದನ್ನು ರಜಿಯಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಳು. ಔಷಧ ಕೂದಲಿಗಲ್ಲ, ಚರ್ಮಕ್ಕೆ ಮುಟ್ಟಬೇಕು. ದಪ್ಪ ಕೂದಲಾದ್ದರಿಂದ ಬೈತಲೆ ಬೈತಲೆ ತೆಗೆದು ಹಚ್ಚಬೇಕು. ಸ್ವಲ್ಪ ಹೊತ್ತು ಬಿಟ್ಟು, ನೀರು ತಿಳಿಯಾಗುವ ತನಕ ತೊಳೆಯಬೇಕು. ಬುಡ ಒಣಗದೆ ಹೆರಳು ಹಾಕಬಾರದು. ಮತ್ತು ಎಣ್ಣೆ ಒಂದು ಹನಿಯೂ ಬೇಡ. ಬಸ್ ನಿಲ್ದಾಣದ ಅಂಗಡಿಯಲ್ಲಿ ಆಗಷ್ಟೇ ಬಂದಿದ್ದ ಶಾಂಪೂ ಪುಡಿಕೆಗಳು ಮಾಲೆಯಾಗಿ ತೂಗುತ್ತಿದ್ದವು. ಜರೀನಾ ಅವನ್ನು ನೋಡುತ್ತ, "ಭಾಬಿ, ಚೊಲೊ ಆಗತೈತಿ ಅಂದ್ರಲ್ಲ ಅವರು? ಆಗತೈತಿ ಅಂದ್ರಲ್ಲ?" ಎಂದು ಮತ್ತೆ ಮತ್ತೆ ಕೇಳಿದಳು.

ಮನೆಯಲ್ಲಿ ಜಮಾಲಬಿ ಎಲ್ಲವನ್ನೂ ಕೇಳಿಸಿಕೊಂಡಳು. ಔಷಧಕ್ಕೆ ಏನೂ ಅನ್ನಲಿಲ್ಲ. ಎಣ್ಣೆಯ ಮಾತು ಬಂದಾಗ ಎದ್ದು ನಿಂತಳು.

"ಎಣ್ಣಿ ಬಿಡಬೇಕಂತ? ಗಂಡ ಬದುಕಿರಾಕಿಗೆ?"

"ಔಷಧ ಹಚ್ಚೋತನಕ ಅಷ್ಟ್ರಿ, ಅತ್ತಿ."

"ಬಾಯಿ ಮುಚ್ಚು! ಒಣ ತಲಿ ಬಿಟ್ಕೊಂಡು ಕುಂದ್ರೂದು ಯಾರು? ಗಂಡನ್ನ ಮಣ್ಣ ಮಾಡಿದಾಕಿ ಕುಂದರತಾಳ. ನನ್ನ ಮಗಳು ಕುಂದ್ರಂಗಿಲ್ಲ."

ಆ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಸಾವಾದ ಮನೆಯ ಹೆಂಗಸು ಎಣ್ಣೆ ಮುಟ್ಟುವುದಿಲ್ಲ. ಓಣಿಯಲ್ಲಿ ಒಣಗಿದ ತಲೆ ಕಂಡರೆ ಜನ ಮೊದಲು ಮನೆಯ ಗಂಡಸರ ಸುದ್ದಿ ಕೇಳುತ್ತಾರೆ. ಹಿಂದೂಗಳ ಓಣಿಯೇನು, ಇವರ ಓಣಿಯೇನು, ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಂದೇ ಭಯ. ಜಮಾಲಬಿಯನ್ನು ಹಟಮಾರಿ ಎಂದು ಬೈಯುವುದು ಸುಲಭ. ಅವಳು ಹೆದರಿದ್ದಳು.

ವಾರಕ್ಕೆ ಎರಡು ಸಲ ಬಚ್ಚಲಲ್ಲಿ ಹಂಡೆ ಕಾಯುತ್ತಿತ್ತು. ರಜಿಯಾ ಗಾದಿ ಹೊಲಿಯುವ ದಬ್ಬಣವನ್ನು ಗಂಡನಿಂದ ಕೇಳಿ ತಂದು, ಅದರ ಮೊಂಡು ತುದಿಯಿಂದ ಕೂದಲನ್ನು ಸಾಲು ಸಾಲಾಗಿ ಸೀಳಿ, ಒಂದೊಂದು ಬೈತಲೆಗೂ ಬೆರಳಿನಿಂದ ಔಷಧ ಒರೆಸುತ್ತಿದ್ದಳು. ಇಡೀ ತಲೆ ಮುಗಿಯುವಷ್ಟರಲ್ಲಿ ಅವಳ ಸೊಂಟ ಹಿಡಿಯುತ್ತಿತ್ತು. ತೊಳೆದ ಮೇಲೆ ಜರೀನಾ ಹಿತ್ತಲಲ್ಲಿ ಹೊರಸಿನ ಮೇಲೆ ಮಲಗಿ, ಕೂದಲನ್ನು ಅಂಚಿನಿಂದ ಕೆಳಗೆ ಇಳಿಬಿಡುತ್ತಿದ್ದಳು. ರಜಿಯಾ ಆಗಾಗ ಬಂದು ಬುಡವನ್ನು ಬಿಸಿಲಿಗೆ ತಿರುಗಿಸಿ ಹೋಗುತ್ತಿದ್ದಳು. ಅರಳೆಯ ಧೂಳು ಬೀಳದಿರಲೆಂದು ಜರೀನಾ ಪಡಸಾಲೆಗೆ ಬರುವುದೇ ನಿಂತಿತು.

ಎರಡು ವಾರ ಕಳೆದರೂ ಹಕ್ಕಳೆ ಬಿಡಲಿಲ್ಲ. ನಡುನೆತ್ತಿಯಲ್ಲಿ ಮಾತ್ರ, ಅದೂ ಒಂದೇ ಜಾಗದಲ್ಲಿ. ರಜಿಯಾಳಿಗೆ ಸಂಶಯ ಬಂತು. ಹೋಳಿ ಹುಣ್ಣಿಮೆಯ ಮುಂಜಾನೆ ದಬ್ಬಣ ಹಾಕಿ ಬೈತಲೆ ತೆಗೆದರೆ ಬೆರಳು ಜಾರಿತು. ಮೂಸಿ ನೋಡಿದಳು. ಕುಸುಬಿ ಎಣ್ಣೆ.

"ಅತ್ತಿ!"

ಜಮಾಲಬಿ ಒಲೆಯ ಮುಂದಿನಿಂದ ತಿರುಗಲಿಲ್ಲ. "ಮಧ್ಯಾಹ್ನ ನಿದ್ದಿ ಹತ್ತಿದಾಗ ಒಂದ ಹನಿ ಇಟ್ಟೀನಿ. ಒಂದ ಹನಿ. ನೆತ್ತಿ ಬರಿದು ಇರಬಾರದು ಅಂತ."

"ದಿನಾ ಒಂದ ಹನಿ!" ರಜಿಯಾ ದಬ್ಬಣವನ್ನು ನೆಲಕ್ಕೆ ಬಿಸಾಕಿದಳು. "ನನ್ನ ನಡಾ ಮುರದು ಹೋಗೈತಿ. ನಾ ತೊಳೀಬೇಕು, ನೀವು ಸುರೀಬೇಕು. ಇಟ್ಕೊಳ್ರಿ ನಿಮ್ಮ ಮಗಳನ್ನ!"

"ಹೌದವಾ, ನನ್ನ ಮಗಳ! ನಿನಗ್ಯಾಕ ಇಷ್ಟು ಉರಿ? ಆಕಿ ಇಲ್ಲೇ ಉಳದ್ರ ನಿನ್ನ ರೊಟ್ಟಿ ಕಡಿಮಿ ಆಗತೈತಿ ಅಂತ ಔಷಧ ಹಚ್ಚತಿ."

ಇದು ಹೇಳಬಾರದ ಮಾತಾಗಿತ್ತು. ರಜಿಯಾ ಅಲ್ಲಿಯೇ ಕೂತು ಅಳತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಪಡಸಾಲೆಯಿಂದ ಮಶಾಕಸಾಬ, "ಏನ್ ನಡಸೀರಿ ಹಬ್ಬದ ದಿನ?" ಎಂದು ಕೂಗಿದ. ಹೊರಗೆ ಹುಡುಗರು ಹಲಗೆ ಬಾರಿಸುತ್ತಿದ್ದರು.

ಜರೀನಾ ಬಿಚ್ಚಿದ ಕೂದಲಲ್ಲೇ ಎದ್ದು ಬಂದು ತಾಯಿಯ ಮುಂದೆ ಕೂತಳು. ಅವಳು ಕೂಗಲಿಲ್ಲ.

"ಅವ್ವಾ, ಯುಗಾದಿ ಬಂದ ಬಿಟ್ಟೈತಿ. ಹಿಂಗ ಇದ್ರ ಅವರು ನನ್ನ ಬಿಡ್ತಾರ. ನಾ ಆ ಮನಿಗೆ ಹೋಗಬೇಕಬೇ. ಅವರು ನನ್ನ ಒಂದ ದಿನ ಬೈದಿಲ್ಲ. ಅವರ ಅಂಗಿ ಮ್ಯಾಲಿಂದು ಅವರ ಝಾಡಿಸಿಕೊಂಡು ಸುಮ್ನ ಕೆಲಸಕ್ಕ ಹೋಗ್ತಿದ್ರು."

ಜಮಾಲಬಿ ಮಗಳ ಮುಖವನ್ನು ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಹೋಗಿ, ಸುಲಭಕ್ಕೆ ಕೈಗೆಟುಕದ, ಗೋಡೆಯ ಮೇಲಿನ ಮಾಡದಲ್ಲಿ ಇಟ್ಟು, ಮುಂದೆ ಒಂದು ತಟ್ಟೆ ಅಡ್ಡ ನಿಲ್ಲಿಸಿದಳು.

"ಇವತ್ತಿನಿಂದ ಮುಟ್ಟಿದ್ರ ನನ್ನ ಕೈ ಸೇದಿ ಹೋಗಲಿ" ಎಂದಳು. ಬಂದು ಸೊಸೆಯ ಪಕ್ಕದಲ್ಲಿ ಕೂತು ಸೀದ ರೊಟ್ಟಿಯನ್ನು ತಾನೇ ಮುರಿದು ತಿಂದಳು.

ಎಣ್ಣೆ ನಿಂತ ಮೇಲೆ ಔಷಧಕ್ಕೆ ದಾರಿ ಸಿಕ್ಕಿತು. ಹಕ್ಕಳೆ ಮೆತ್ತಗಾಗಿ ನೀರಿನಲ್ಲಿ ಹೋಯಿತು. ಕಿವಿಯ ಹಿಂದೆ ಹೊಸ ಚರ್ಮ ಬಂತು. ತುರಿಕೆ ನಿಂತದ್ದು ಜರೀನಾಳಿಗೆ ತಾನಾಗಿಯೇ ಗೊತ್ತಾಗಲಿಲ್ಲ, ಒಂದು ಸಂಜೆ ಬಾವಿಯ ಕಟ್ಟೆಯಲ್ಲಿ ಯಾರೋ, "ಯಾಕವಾ, ತಲಿ ಕೆರಕೋಳೂದು ಬಿಟ್ಟಿ?" ಎಂದಾಗ ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದಳು. ರಜಿಯಾ ಕರಿ ಬಟ್ಟೆ ಹಾಸಿ, ನಾದಿನಿಯ ತಲೆ ಬಗ್ಗಿಸಿ ಹಣಗಿ ಎಳೆದಳು. ಬಟ್ಟೆ ಕರ್ರಗೇ ಉಳಿಯಿತು. ಇಬ್ಬರೂ ಅದನ್ನು ಹಿಡಿದುಕೊಂಡು ಬಾಗಿಲ ಬೆಳಕಿಗೆ ತಂದು ನೋಡಿದರು, ತಿರುಗಿಸಿ ನೋಡಿದರು, ನಕ್ಕರು.

ಗುಲಾಮಹುಸೇನ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ. ಮರುದಿನ ಮೂಲೆಯ ದಿಂಬನ್ನು ಬಿಚ್ಚಿದ. ಕಲೆಯಾದ ಅರಳೆಯನ್ನು ತಿಪ್ಪೆಗೆ ಹಾಕಿ, ಗಿರಾಕಿಗಳ ಕೆಲಸ ಬದಿಗಿಟ್ಟು, ಹೊಸ ಅರಳೆ ಹಿಂಜಿದ. ಮಶಾಕಸಾಬ ಬಿಳಿಯ ಗವಸು ಹೊಲಿದ. "ಕಲೆ ಬಿದ್ರ ಕಾಣ್ತೈತಿ, ಬಣ್ಣದ್ದು ಹಾಕ್ಲಾ?" ಎಂದು ಅವನು ಕೇಳಿದಾಗ, "ಬೀಳಂಗಿಲ್ಲ" ಎಂದ ತಂದೆ.

ಜಮಾಲಬಿ ಮಾತಿಗೆ ತಪ್ಪಲಿಲ್ಲ. ಆದರೆ ಸಂಜೆ ಹೊತ್ತು ಅವಳ ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಳ್ಳೊಳ್ಳಿ ಸುಲಿಯುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ಕೆಲವೊಮ್ಮೆ ಮಗಳನ್ನು ಕರೆದು ಮೊಳಕಾಲಿನ ನಡುವೆ ಕೂಡಿಸಿಕೊಂಡು, ಒಣ ಕೂದಲಿನಲ್ಲೇ ಬೆರಳಾಡಿಸುತ್ತಿದ್ದಳು. ಓಣಿಯವರು ಕೇಳಿದರೆ, "ಡಾಕ್ಟರ ಹೇಳ್ಯಾನ" ಎಂದು ಕಡ್ಡಿ ಮುರಿದಂತೆ ಉತ್ತರ ಕೊಡುತ್ತಿದ್ದಳು.

ಯುಗಾದಿಯ ಮರು ವಾರ ಅಳ್ನಾವರದಿಂದ ಹೇಳಿಕಳಿಸಿದರು, ಬರುತ್ತೇವೆಂದು. ಮನೆ ಸಾರಿಸಿದರು. ಮಶಾಕಸಾಬ ಕೋಳಿ ತಂದ. ಜಮಾಲಬಿ ಶಾವಿಗೆಗೆ ಬೆಲ್ಲ ಕುಟ್ಟಿದಳು. ಬಿಸಿಲೇರುವ ಮೊದಲೇ ಜರೀನಾ ಎರೆದುಕೊಂಡು, ಕೂದಲು ಒಣಗಿಸಿ, ಮದುವೆಯ ಹಸಿರು ಸೀರೆ ಉಟ್ಟು ಸಿದ್ಧಳಾಗಿದ್ದಳು. ಟ್ರಂಕು ಬಾಗಿಲ ಬಳಿ ಇತ್ತು, ಅದರ ಮೇಲೆ ಬಿಳಿಯ ದಿಂಬು.

ಜಮಾಲಬಿ ಮೇಲಿನ ಮಾಡದಿಂದ ಬಟ್ಟಲನ್ನು ಇಳಿಸಿಕೊಂಡು ಬಂದಳು.

"ಯವ್ವಾ, ಮುಂದಲಿಗೆ ಒಂದ ಹನಿ. ಬೀಗತಿ ಬರಾಕತ್ತಾಳ. ಒಣ ತಲಿ ತೋರಸಬ್ಯಾಡ."

"ಅವ್ವಾ, ಇವತ್ತ ಹಚ್ಚಿದ್ರ ಜಿಡ್ಡ ಅಂತಾರ. ಮತ್ತ ಹಂಗ ಆಗೈತಿ ಅಂತಾರ."

ತಾಯಿ ಬಟ್ಟಲು ಹಿಡಿದು ನಿಂತೇ ಇದ್ದಳು. ಮಗಳ ಬೈತಲೆ ಅಂದು ಎಷ್ಟು ಬೆಳ್ಳಗೆ, ಎಷ್ಟು ಸ್ವಚ್ಛವಾಗಿ ಕಾಣುತ್ತಿತ್ತು! ಅದನ್ನು ಆಕೆ ಹಡೆದಂದಿನಿಂದ ಅಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. "ಹೋಗ್ಲಿ ಬಿಡು" ಎಂದಳು. ತಿರುಗಿ ಹೋಗಿ ಬಟ್ಟಲನ್ನು ಮಾಡದಲ್ಲಿಟ್ಟಳು. ಜೀವಮಾನದಲ್ಲಿ ಅವಳು ಸೋತುಕೊಟ್ಟದ್ದು, ಹೋಳಿಯ ದಿನ ಬಿಟ್ಟರೆ, ಅದೊಂದೇ ಸಲ ಇರಬೇಕು.

ಮಧ್ಯಾಹ್ನದ ಬಸ್ಸಿಗೆ ಹಲೀಮಾಬಿ ಬಂದಳು. ಹಿಂದೆ ಅಲ್ಲಾವುದ್ದೀನ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು.

"ಏನಾತ್ರಿ ಇದು, ಅಳಿಯಂದ್ರ?" ಗುಲಾಮಹುಸೇನ ಗಾಬರಿಯಾಗಿ ಎದ್ದ.

"ಮಿಲ್ಲಿನ್ಯಾಗ ಸಣ್ಣ ಪೆಟ್ಟಾಗೈತ್ರಿ" ಎಂದು ಅವನು ಕೈಯನ್ನು ಹಿಂದೆ ಸರಿಸಿಕೊಂಡ.

"ಸಣ್ಣದಲ್ಲ" ಎಂದಳು ಹಲೀಮಾಬಿ. "ಎರಡು ಬಟ್ಟು ಹೋದವು. ಗರಗಸಕ್ಕ ಸಿಕ್ಕು. ನಿಮಗ ಹೇಳಿ ಕಳಸೂದಾಗಲಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಜರೀನಾ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ಗಂಡನ ಬೆರಳು ಹೋಗಿ ಇಷ್ಟು ದಿನವಾಗಿತ್ತು, ಅವಳು ಇಲ್ಲಿ ಹೊರಸಿನ ಮೇಲೆ ಕೂದಲು ಒಣಗಿಸುತ್ತ ಮಲಗಿದ್ದಳು.

ಚಹಾ ಆಯಿತು. ಹಲೀಮಾಬಿ ಸೊಸೆಯನ್ನು ಹತ್ತಿರ ಕರೆದಳು. ರಜಿಯಾ ಕೇಳುವ ಮೊದಲೇ ಕರಿ ಬಟ್ಟೆ ಹಾಸಿದಳು, ಹೆರಳು ಬಿಚ್ಚಿದಳು, ಬುಡದಿಂದ ಹಣಗಿ ಎಳೆದಳು. ಹಲೀಮಾಬಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಬಟ್ಟೆಯ ಮೇಲೆ ಏನೂ ಇರಲಿಲ್ಲ.

"ಚೊಲೊ ಆಗೈತಲ್ಲ!" ಎಂದಳು. ಮುಖ ಅರಳಿತು. ಅವಳೂ ಕೆಟ್ಟವಳಲ್ಲ, ಸೊಸೆಯನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದಳು. "ಅಗದಿ ಸ್ವಚ್ಛ ಆಗೈತಿ. ನಡಿಯವಾ, ಇನ್ನ ನಮ್ಮ ಮನಿಗೆ ಹೋಗೂಣು. ಅವನ ಕೈಯಾಗ ಊಟಾ ಮಾಡಾಕ ಬರಂಗಿಲ್ಲ, ನೀ ಬೇಕು."

ಜಮಾಲಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜರೀನಾ ಗಂಡನ ಕಡೆ ನೋಡಿದಳು, ಅವನು ಮೀಸೆಯಲ್ಲೇ ನಗುತ್ತಿದ್ದ. ಹಲೀಮಾಬಿ ಪ್ರೀತಿಯಿಂದ ಸೊಸೆಯ ಕೂದಲ ಮೇಲೆ ಕೈಯಾಡಿಸಿದಳು. ಕೈ ನಡುವೆ ತಡೆಯಿತು.

"ಯಾಕ ಇಷ್ಟು ಒಣಾ ಐತಿ? ಎಣ್ಣಿ ಹಚ್ಚಿಲ್ಲೇನು ಇವತ್ತ?"

ಜಮಾಲಬಿ ಬಾಯಿ ತೆರೆದಳು. ಆದರೆ ರಜಿಯಾ ಮೊದಲೇ ಹೇಳಿಯಾಗಿತ್ತು. ಪಾಪ, ಅಷ್ಟು ದುಡಿದ ಹುಡುಗಿ. ಹೊಗಳಿಕೆ ಬೇಕಾಗಿತ್ತು ಅವಳಿಗೆ.

"ಇವತ್ತಲ್ರಿ, ಹೋಳಿ ಹುಣ್ಣಿವಿಯಿಂದ ಒಂದ ಹನಿ ಮುಟ್ಟಿಸಿಲ್ರಿ! ಅದಕ್ಕ ಇಷ್ಟು ಲಗೂ ಆತು."

ಹಲೀಮಾಬಿ ಕೈ ತೆಗೆದಳು.

"ಹೋಳಿ ಹುಣ್ಣಿವಿ?" ಮಗನ ಕಡೆ ತಿರುಗಿದಳು. "ನಿನ್ನ ಬಟ್ಟು ಎಂದ ಹೋದವು?"

"ಬಿಡಬೇ, ಅವ್ವಾ."

"ಎಂದ?"

"ಹುಣ್ಣಿವಿ ಮರುದಿನ. ಬಣ್ಣದ ದಿನ." ಅವನು ನೆಲ ನೋಡಿದ. "ಮಂದಿ ಎಲ್ಲಾ ಬಣ್ಣಾ ಆಡಾಕ ಹೋಗಿದ್ರು. ಮಾಲಕ ಕೆಲಸಾ ನಿಲ್ಲಸಬ್ಯಾಡಂದ. ಇಬ್ಬರು ಹಿಡಿಯೂ ದಿಮ್ಮಿ ಒಬ್ಬನ ನೂಕಿದ್ನಿ. ಅದಕ್ಕ ಆತು, ಅವ್ವಾ. ಬ್ಯಾರೆ ಯಾತಕ್ಕೂ ಅಲ್ಲ."

ಗುಲಾಮಹುಸೇನ ಕೈ ಮುಗಿದುಕೊಂಡು ಮುಂದೆ ಬಂದ. "ಬೀಗತ್ಯಾರ, ಡಾಕ್ಟರ ಹೇಳಿದ್ದ ಮಾಡೀವ್ರಿ. ನೀವ ಹೇಳಿದ್ರಿ ಚೊಲೊ ಮಾಡಿಸ್ರಿ ಅಂತ. ಅದಕ್ಕೂ ಇದಕ್ಕೂ ಏನ ಸಂಬಂಧ ಐತ್ರಿ?"

ಹಲೀಮಾಬಿ ತಲೆಯ ಮೇಲಿನ ಸೆರಗನ್ನು ಸರಿಸಿದಳು. ಬಿಳಿಯ ಕೂದಲು, ಒಣಗಿದ ಜೋಳದ ಕಣಿಕೆಯ ಹಾಗಿತ್ತು.

"ನಾ ಎಣ್ಣಿ ಬಿಟ್ಟಿದ್ದು ಇವರಪ್ಪನ ಮಣ್ಣ ಮಾಡಿ ಬಂದ ದಿನ. ಇನ್ನತನಕ ಮುಟ್ಟಿಲ್ಲ. ನನಗ ಇವನೊಬ್ಬನ ಮಗ. ಅವ ಬದುಕಿರಬೇಕಾದ್ರ ನಿಮ್ಮ ಮಗಳು ನನ್ನಂಗ ತಲಿ ಮಾಡ್ಕೊಂಡು ಕುಂತಾಳ. ನಾ ಹೊಟ್ಟು ತಗೀರಿ ಅಂದಿದ್ದೆ. ಇದನ್ನ ಮಾಡ್ರಿ ಅಂದಿದ್ನೇನು?"

ಜಮಾಲಬಿ ಒಳಗೆ ಓಡಿದಳು. 'ನಾನು ಮೊದಲೇ ಹೇಳಿದ್ದೆ' ಎನ್ನುವ ಹಕ್ಕು ಆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅವಳಿಗಿತ್ತು. ಅವಳು ಅದನ್ನು ಹೇಳಲಿಲ್ಲ. ಬಟ್ಟಲು ಹಿಡಿದು ಬಂದಳು, ಅವಸರಕ್ಕೆ ಎಣ್ಣೆ ಸಾರಿಸಿದ ನೆಲದ ಮೇಲೆಲ್ಲ ಚೆಲ್ಲುತ್ತಿತ್ತು.

"ಈಗ ಹಚ್ಚತೀನ್ರಿ. ನಿಮ್ಮ ಮುಂದ ಹಚ್ಚತೀನಿ. ದಿನಾ ಹಚ್ಚತಾಳ ಇನ್ನ. ಅಕ್ಕಾ, ಆಕೀದು ತಪ್ಪಿಲ್ರಿ, ನಂದು ತಪ್ಪು. ನಾ ಹಚ್ಚಬೇಕಿತ್ತು."

"ಈಗ ಹಚ್ಚಿದ್ರ ಬಟ್ಟು ತಿರುಗಿ ಬರ್ತಾವೇನ್ರಿ?" ಹಲೀಮಾಬಿ ಎದ್ದಳು. "ನಡಿಯೋ. ಬಸ್ಸಿಗೆ ಹೊತ್ತಾತು."

ಕೋಳಿ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ಬೀಗರು ಊಟ ಮಾಡದೆ ಹೊರಟರು. ಅಲ್ಲಾವುದ್ದೀನ ಟ್ರಂಕಿನ ಬಳಿ ಒಂದು ಗಳಿಗೆ ನಿಂತ. ಬಿಳಿಯ ದಿಂಬನ್ನು ನೋಡಿದ. ಕೂದಲು ಬಿಚ್ಚಿಕೊಂಡೇ ನಿಂತಿದ್ದ ಹೆಂಡತಿಯನ್ನು ನೋಡಿದ.

"ನೋವೈತೇನ್ರಿ?" ಎಂದಳು ಜರೀನಾ.

"ಈಗಿಲ್ಲ." ಹೊಸ್ತಿಲಿನಿಂದ ತಿರುಗಿ, "ತಲಿ ಅಗದಿ ಚೊಲೊ ಆಗೈತಿ" ಎಂದ.

ಓಣಿಯ ತಿರುವಿನಲ್ಲಿ ತಾಯಿ ಕೂಗಿದಳು. ಅವನು ಹೋದ.

ಬೇಸಿಗೆ ಮುಗಿಯುವುದರೊಳಗೆ ಅಳ್ನಾವರದ ಹಿರಿಯರಿಬ್ಬರು ಬಂದು ತಲಾಖಿನ ಮಾತು ಹೇಳಿ ಹೋದರು. ಬೇರೆ ಹೆಣ್ಣು ಗೊತ್ತಾಗಿತ್ತಂತೆ. ರಜಿಯಾ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. "ನನ್ನ ನಾಲಿಗಿ ಸುಡ್ಲಿ" ಎಂದು ಒಲೆಯ ಮುಂದೆ ಅತ್ತರೆ, ಜಮಾಲಬಿ ರೊಟ್ಟಿ ಮುರಿದು ಅವಳ ಬಾಯಿಗಿಟ್ಟು, "ಸುಮ್ನಿರವಾ. ನೀ ಚೊಲೊ ಮಾಡಾಕ ಹೋದಿ" ಎನ್ನುತ್ತಿದ್ದಳು. ಆ ಮನೆಯಲ್ಲಿ ಅತ್ತೆ ಸೊಸೆ ಮತ್ತೆ ಜಗಳಾಡಲಿಲ್ಲ. ಜಗಳಾಡಿದ್ದರೇ ಒಳ್ಳೆಯದಿತ್ತು ಎನಿಸುವಷ್ಟು ಮನೆ ಸುಮ್ಮನಾಗಿತ್ತು.

ತಲಾಖಿನ ಮಾರನೆಯ ದಿನ ಓಣಿಯ ಮುದುಕಿಯರು ಬಂದು ಕೂತರು. ತಲಾಖಾದವಳು ಕಾಯಬೇಕಾದ ಇದ್ದತ್ತಿನ ದಿನಗಳು ಮುಗಿಯುವ ತನಕ ಹೊರಗೆ ಹೋಗಬೇಡ, ಬಳೆ ಹಾಕಬೇಡ, ಎಣ್ಣೆ ಹಚ್ಚಬೇಡ ಎಂದು ಹೇಳಿದರು. ಈಗ ಎಣ್ಣೆ ಬೇಡವೆನ್ನುವುದಕ್ಕೆ ಡಾಕ್ಟರು ಬೇಕಾಗಿರಲಿಲ್ಲ. ಎಲ್ಲರೂ ಒಂದೇ ಮಾತಿನವರಾಗಿದ್ದರು.

ಅವರು ಎದ್ದು ಹೋದ ಮೇಲೆ ಜರೀನಾ ಹೊರಸನ್ನು ಎಳೆದು ಅದರ ಮೇಲೆ ಹತ್ತಿ ನಿಂತಳು. ಮೇಲಿನ ಮಾಡದ ತಟ್ಟೆ ಸರಿಸಿ ಬಟ್ಟಲನ್ನು ಇಳಿಸಿದಳು. ತಾಯಿಯ ಮುಂದೆ ಬಂದು, ಬೆನ್ನು ಮಾಡಿ, ಮೊಳಕಾಲಿನ ನಡುವೆ ಕೂತು ಹೆರಳು ಬಿಚ್ಚಿದಳು.

"ಹಚ್ಚವಾ."

"ಬ್ಯಾಡ, ನನ ಮಗಳ" ಜಮಾಲಬಿ ಬಟ್ಟಲನ್ನು ಬದಿಗೆ ಸರಿಸಿದಳು. "ಮತ್ತ ಹೊಟ್ಟಾಗತೈತಿ. ಎಷ್ಟು ಕಷ್ಟಾ ಪಟ್ಟಿ. ಡಾಕ್ಟರ ಬ್ಯಾಡಂದಾನ. ಈಗ ಮಂದಿನೂ ಬ್ಯಾಡಂತಾರ. ಯಾರ ಸಲುವಾಗಿ ಹಚ್ಚಲಿ?"

ಪಡಸಾಲೆಯಲ್ಲಿ ಬಿಲ್ಲಿನ ಸಪ್ಪಳ ನಿಂತಿತು.

"ಅವರಿಗೆ ಇನ್ನ ಎಂಟು ಬಟ್ಟು ಅದಾವ, ಅವ್ವಾ" ಎಂದಳು ಜರೀನಾ. "ಹಚ್ಚು."